ಕರಿ ಬಟ್ಟೆಯ ಮೇಲಿನ ಅಪವಾದ

ನಮ್ಮ ಹೊಲಿಗೆ ಅಂಗಡಿಯಲ್ಲಿ ಮನೆಯ ಹೆಣ್ಣುಮಕ್ಕಳು ಕರಿ ಬಟ್ಟೆ ಮುಟ್ಟುವಂತಿರಲಿಲ್ಲ. ವಕೀಲರ ಕೋಟು ಬಂದರೆ ನೇರವಾಗಿ ಅಪ್ಪನ ಮೆಷಿನ್ನಿಗೆ. ಕರಿ ಬಟ್ಟೆಯ ಮೇಲೆ ಕರಿ ದಾರ ಹುಡುಕಿ ಹುಡುಕಿಯೇ ಅಜ್ಜಿಗೆ ಸಣ್ಣ ವಯಸ್ಸಿನಲ್ಲಿ ಕಣ್ಣಿಗೆ ಪೊರೆ ಬಂತು, ಅಮ್ಮನಿಗೂ ಹಾಗೇ ಆಯಿತು ಎಂದು ಎಲ್ಲರೂ ನಂಬಿದ್ದರು. ಅಮ್ಮ ಆಪರೇಷನ್ನಿಗೆ ಹೆದರಿ ವರ್ಷಗಟ್ಟಲೆ ಮುಂದೂಡಿದಳು. ಅವಳ ಸೂಜಿಗೆ ದಾರ ಪೋಣಿಸಿಕೊಡಲು ನಾನು ಶಾಲೆ ಬಿಟ್ಟು ಪಕ್ಕದಲ್ಲಿ ಕೂತೆ. ಅಕ್ಕನಿಗೆ ಹೂವಿನ ಫ್ರಾಕುಗಳನ್ನಷ್ಟೇ ಕೊಡುತ್ತಿದ್ದರು. ಆದರೂ ಮದುವೆಯಾದ ವರ್ಷವೇ ಅವಳ ಕಣ್ಣಿಗೂ ಪೊರೆ ಬಂದು ಆಪರೇಷನ್ ಆಯಿತು.

"ಕದ್ದು ಕರಿ ಬಟ್ಟೆ ಹೊಲಿದಿರ್ತಾಳೆ," ಎಂದಳು ಅಜ್ಜಿ.

ಈಗ ಅಕ್ಕ ತನ್ನ ಹಸುಗೂಸಿನೊಡನೆ ನಮ್ಮಲ್ಲೇ ಇದ್ದಳು. ಕೂಸಿಗೆ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ.

"ಇವಳು ನನ್ನ ಮುಖಾನೇ ನೋಡಲ್ಲ ಕಣೇ," ಎಂದು ಅಕ್ಕ ಗೊಣಗಿದಳು.

"ಅಂಥದ್ದೇನಿದೆ ನಿನ್ನ ಮುಖದಲ್ಲಿ?" ಎಂದು ಭಾವ ಕಿಚಾಯಿಸಿದ.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಕೂಸು ದನಿ ಕೇಳಿದರೆ ಕತ್ತು ತಿರುಗಿಸುತ್ತಿತ್ತು. ಸದ್ದಿಲ್ಲದೆ ಎದುರು ನಿಂತರೆ, ಅಲ್ಲಿ ಯಾರೂ ಇಲ್ಲವೇ ಇಲ್ಲವೆಂಬಂತೆ ಇರುತ್ತಿತ್ತು.

ಆ ಮಧ್ಯಾಹ್ನ ಲಾರಿ ಓಡಿಸುವ ಮಾವ, ಅಮ್ಮನ ತಮ್ಮ, ಅಂಗಿಯ ಗುಂಡಿ ಹಾಕಿಸಲು ಬಂದ. ಮುಖ ಸಪ್ಪಗಿತ್ತು.

"ಲೈಸೆನ್ಸ್‌ಗೆ ಕಣ್ಣು ತಪಾಸಣೆ ಮಾಡಿದ್ರು ಅಕ್ಕಾ. ಎರಡೂ ಕಣ್ಣಲ್ಲಿ ಪೊರೆಯಂತೆ!"

"ನೀನೂ ಕರಿ ಬಟ್ಟೆ ಹೊಲಿದ್ಯೇನೋ?" ಅಜ್ಜಿ ಬೆಚ್ಚಿಬಿದ್ದಳು.

"ಅಯ್ಯೋ ಅಮ್ಮಾ, ನನಗೆ ಸೂಜಿ ಹಿಡಿಯೋಕೆ ಬಂದಿದ್ರೆ ಗುಂಡಿ ಹಾಕಿಸೋಕೆ ಇಲ್ಲಿಗ್ಯಾಕೆ ಬರ್ತಿದ್ದೆ?"

ನನ್ನ ಕೈಯಲ್ಲಿದ್ದ ಗುಂಡಿ ಅಲ್ಲೇ ನಿಂತಿತು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಗುಂಡಿಗಳ ಡಬ್ಬಿ ಬೋರಲು ಹಾಕಿದೆ. ಪೊರೆ ಬಂದವರಿಗೆ ಬಿಳಿ ಗುಂಡಿ, ಬಾರದವರಿಗೆ ಕರಿ. ಮೇಲೆ ಅಜ್ಜಿ, ಬಿಳಿ. ಕೆಳಗೆ ಅವಳ ಮಕ್ಕಳು: ಅಮ್ಮ ಬಿಳಿ, ಮಾವ ಬಿಳಿ, ದೊಡ್ಡಮ್ಮ ಕರಿ. ದೊಡ್ಡಮ್ಮ ಗಂಡನ ಅಂಗಡಿಯಲ್ಲಿ ಜೀವಮಾನವಿಡೀ ಕರಿ ಕೋಟು ಹೊಲಿದವಳು! ಅವಳ ಮಕ್ಕಳೆಲ್ಲ ಕರಿ. ಅಮ್ಮನ ಕೆಳಗೆ ಅಕ್ಕ ಬಿಳಿ, ನಾನು ಸದ್ಯಕ್ಕೆ ಕರಿ. ಬಿಳಿಯ ಕೆಳಗಷ್ಟೇ ಬಿಳಿ. ಬಟ್ಟೆಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಅಕ್ಕನ ಬಿಳಿ ಗುಂಡಿಯ ಕೆಳಗೆ ಒಂದು ಜಾಗ ಖಾಲಿ ಉಳಿಯಿತು. ಅಲ್ಲಿ ಯಾವುದನ್ನಿಡಲಿ?

"ಕೂಸಿನ ಕಣ್ಣು ತೋರಿಸ್ಬೇಕು. ಈಗ್ಲೇ!"

ನನ್ನ ದನಿ ಅಷ್ಟು ಜೋರಾಗಿ ಬಂದದ್ದಕ್ಕೆ ನಾನೇ ಬೆದರಿದೆ.

"ಸೂಜಿಯನ್ನೇ ಕಾಣದ ಕೂಸಿಗೆ ಎಲ್ಲಿಯ ಪೊರೆ?" ಎಂದಳು ಅಜ್ಜಿ.

ಅಮ್ಮ ಮಾತ್ರ ಗುಂಡಿಗಳನ್ನೇ ದಿಟ್ಟಿಸುತ್ತಿದ್ದಳು. "ಬಾಯಿಬಿಡದವಳು ಬಾಯಿಬಿಟ್ಟಿದಾಳೆ. ಹೊರಡಿ."

"ಗಾಡಿ ನಾನು ಬಿಡ್ತೀನಿ," ಎಂದ ಮಾವ.

"ಪೊರೆ ಇಟ್ಕೊಂಡಾ? ಹಿಂದೆ ಕೂತ್ಕೋ!" ಎಂದು ಅಮ್ಮ ಗದರಿದಳು.

ಕಣ್ಣಾಸ್ಪತ್ರೆಯ ಡಾಕ್ಟರಮ್ಮ ಕೋಣೆಯ ದೀಪ ಆರಿಸಿ ಕೂಸಿನ ಕಣ್ಣಿಗೆ ಸಣ್ಣ ಬೆಳಕು ಹಿಡಿದರು. ಹೇಗಿರಬೇಕೆಂದು ಅಕ್ಕನಿಗೆ ಮೊದಲು ನನ್ನ ಕಣ್ಣಿನಲ್ಲಿ ತೋರಿಸಿದ್ದರು. ಪಾಪೆಯೊಳಗಿಂದ ಕೆಂಡದಂಥ ಕೆಂಪು ಹೊಳೆಯಬೇಕಂತೆ, ನನ್ನದು ಹೊಳೆಯಿತಂತೆ. ಕೂಸಿನ ಎರಡು ಕಣ್ಣಲ್ಲೂ ಕೆಂಪಿನ ಬದಲು ಮಂಕು ಬಿಳುಪಿತ್ತು. ಅಕ್ಕ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಪೊರೆ ಇದು. ಮನೇಲಿ ಇನ್ಯಾರಿಗಿದೆ?" ಎಂದು ಡಾಕ್ಟರಮ್ಮ ಕೇಳಿದರು. ನಾನು ಜೇಬಿನಲ್ಲಿ ತಂದಿದ್ದ ಗುಂಡಿಗಳನ್ನೇ ಅವರ ಮೇಜಿನ ಮೇಲೆ ಜೋಡಿಸಿದೆ. ಅವರ ಕಣ್ಣು ಅರಳಿತು.

"ಸರಿಯಾಗಿ ಹಿಡಿದಿದೀರ! ವಯಸ್ಸಾದವರಿಗೆ ಬರೋ ಪೊರೆಗೆ ಬಿಸಿಲು, ಸಕ್ಕರೆ ಕಾಯಿಲೆ, ವಂಶ, ಎಲ್ಲದರ ಪಾಲೂ ಇರುತ್ತೆ. ನಿಮ್ಮದು ಹಾಗಲ್ಲ. ಕಣ್ಣಿನ ಮಸೂರ ತಿಳಿಯಾಗಿರೋಕೆ ಕೆಲವು ಜೀನ್ಗಳು ಸರಿಯಾಗಿರ್ಬೇಕು. ಅವುಗಳಲ್ಲೊಂದರ ತಪ್ಪು ನಿಮ್ಮ ಮನೇಲಿ ಇಳಿದು ಬರ್ತಿದೆ. ತಂದೆ ತಾಯಿಲಿ ಒಬ್ಬರಿಗಿದ್ರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಕೆಲವರಿಗೆ ಹುಟ್ಟುತ್ತಲೇ ಬರುತ್ತೆ, ಕೆಲವರಿಗೆ ಆಮೇಲೆ."

"ನನ್ನ ಮಗಳು ನೋಡ್ತಾಳಾ ಮೇಡಂ?" ಎಂದು ಅಕ್ಕ ಕೇಳಿದಳು.

"ಅದಕ್ಕೇ ಈಗ ಬಂದಿದ್ದು ಒಳ್ಳೇದಾಯ್ತು. ಇನ್ನೂ ತಡ ಮಾಡಿದ್ರೆ ಮೆದುಳು ನೋಡೋದನ್ನೇ ಕಲಿಯೋದು ಕಷ್ಟ. ಈ ವಾರವೇ ಆಪರೇಷನ್ ಶುರು ಮಾಡೋಣ."

ಕೂಸಿನ ಒಂದಾದ ಮೇಲೊಂದು ಕಣ್ಣಿಗೆ ಆಪರೇಷನ್ ಆಯಿತು. ಮುಖಕ್ಕಿಂತ ಕನ್ನಡಕವೇ ದೊಡ್ಡದಾಗಿ ಕಾಣುವ ಕೂಸನ್ನು ಅಕ್ಕ ನಮ್ಮ ಅಂಗಡಿಯ ಮೇಜಿನ ಮೇಲೆ ಮಲಗಿಸಿದಳು. ನಾನು ಕೆಂಪು ಗುಂಡಿಯೊಂದಕ್ಕೆ ದಾರ ಕಟ್ಟಿ, ಉಸಿರು ಬಿಗಿಹಿಡಿದು, ಸದ್ದಿಲ್ಲದೆ ಅದರ ಮುಂದೆ ಇಳಿಬಿಟ್ಟೆ. ಅಜ್ಜಿ, ಅಮ್ಮ, ಅಪ್ಪ, ಭಾವ ಎಲ್ಲರ ತಲೆಗಳೂ ಮೇಜಿನ ಮೇಲೆ ಬಾಗಿದವು.

ಗುಂಡಿ ಎಡಕ್ಕೆ ಹೋಯಿತು. ಕೂಸಿನ ಕಣ್ಣೂ ಎಡಕ್ಕೆ ಹೋಯಿತು! ಬಲಕ್ಕೆ ಎಳೆದೆ. ಬಲಕ್ಕೂ ಬಂತು! ಆಮೇಲೆ ಅದು ಗುಂಡಿಯನ್ನು ಬಿಟ್ಟು, ಹಿಂದೆ ಬಾಗಿದ್ದ ಅಕ್ಕನ ಮುಖದ ಮೇಲೆ ಕಣ್ಣು ನೆಟ್ಟಿತು.

"ನೋಡ್ತಿದಾಳೆ! ನನ್ನೇ ನೋಡ್ತಿದಾಳೆ ಕಣ್ರೋ!" ಅಕ್ಕ ಕುಣಿದಾಡಿಬಿಟ್ಟಳು.

ಅಜ್ಜಿ ಮೂಗೊರೆಸಿಕೊಂಡು, ಅಪ್ಪನ ಮೆಷಿನ್ನಿನ ಮೇಲಿದ್ದ ವಕೀಲರ ಕೋಟನ್ನು ಎತ್ತಿ ನನ್ನ ಮಡಿಲಿಗೆ ಹಾಕಿದಳು. "ಗುಂಡಿಗೆ ಕಾಜಾ ಹೊಲಿ. ಇಷ್ಟು ವರ್ಷ ಪುಕ್ಕಟೆ ಕೂತಿದ್ದು ಸಾಕು."