ಆಚೆ ದಂಡೆಯ ಮಣ್ಣು

ಗುಂಡಿ ಇನ್ನೂ ಮೊಣಕಾಲಿನಷ್ಟೂ ಇಳಿದಿರಲಿಲ್ಲ, ತಳದಲ್ಲಿ ನೀರು ಕಾಣಿಸಿತು. ಮೊದಲು ಮರಳು ಕಪ್ಪಾಯಿತು, ಆಮೇಲೆ ಹೊಳೆಯಿತು, ಆಮೇಲೆ ಗುದ್ದಲಿ ಬಿದ್ದಲ್ಲೆಲ್ಲ ಚಳಕ್ ಚಳಕ್ ಎನ್ನತೊಡಗಿತು. ಗುಂಡಿ ತೋಡುವ ಮುದುಕ ಕೆಲಸ ನಿಲ್ಲಿಸಿ ಸೊಂಟ ನೆಟ್ಟಗೆ ಮಾಡಿಕೊಂಡ. ಊರವರು ಅವನನ್ನು ಗುದ್ದಲಿ ತಾತ ಎಂದೇ ಕರೆಯುತ್ತಿದ್ದರು.

“ಇಲ್ಲೂ ಆಗಲ್ಲ ಕಣಪ್ಪ,” ಎಂದ. “ಅಲ್ಲಿ ತೋಡಿದೆ, ನೀರು. ಇಲ್ಲಿ ತೋಡಿದೆ, ನೀರು. ಇದು ಹೊಲ ಅಲ್ಲ, ನದಿ ಮೇಲೆ ಹಾಸಿರೋ ಚಾಪೆ.”

“ಇನ್ನೊಂಚೂರು ಈ ಕಡೆ ನೋಡು ತಾತ,” ಎಂದ ತಮ್ಮ.

“ನೋಡ್ತೀನಿ. ನಂಗೇನು, ಬಾವಿ ತೋಡಿದ ಹೆಸರಾದ್ರೂ ಬರುತ್ತೆ. ನಿಮ್ಮಣ್ಣನ್ನ ಮಣ್ಣು ಮಾಡ್ಬೇಕೋ ನೆನೆಹಾಕ್ಬೇಕೋ, ಅದನ್ನ ಹೇಳು.”

ತಮ್ಮ ನಗಲಿಲ್ಲ. ಈ ಜಾಗ ಆರಿಸಿದವನು ಅವನೇ. ಬೆಳಿಗ್ಗೆ ಅಣ್ಣ ಹೋದ ಸುದ್ದಿ ಬಂದ ಕೂಡಲೇ ದೋಣಿಯಲ್ಲಿ ಆಚೆ ದಂಡೆಗೆ ಹೋಗಿದ್ದ. ಅತ್ತಿಗೆ ಅಳುತ್ತಿರಲಿಲ್ಲ. ಗೋಡೆಗೆ ಒರಗಿ ಕೂತಿದ್ದವಳು, “ನನ್ನ ಮಣ್ಣಲ್ಲೇ ನನ್ನ ಇಡು ಅಂದ್ರು. ಅವರ ಮಣ್ಣು ಎಲ್ಲಿದೆ?” ಎಂದು ಕೇಳಿದ್ದಳು. ಕೇಳುವ ಮಾತೇ. ಹಿತ್ತಿಲಲ್ಲಿ ಒಂದು ಹಗ್ಗ ಕಟ್ಟಿ ಬಟ್ಟೆ ಒಣಹಾಕುವಷ್ಟು ಜಾಗ ಉಳಿದಿತ್ತು. ಅದರಾಚೆ ದಂಡೆ ಕಡಿದು ನೇರ ನೀರಿಗೆ ಇಳಿದಿತ್ತು.

“ನಮ್ಮ ಕಡೆ ಇದೆ ಅತ್ತಿಗೆ. ಅಲ್ಲೇ ಇಡೋಣ,” ಎಂದುಬಿಟ್ಟಿದ್ದ ತಮ್ಮ. ಅಂದ ಮೇಲೆ ಆ ಮಾತಿನ ಅರ್ಥ ಅವನ ಕಿವಿಗೇ ಬಿದ್ದಿತ್ತು.

*

ಅದೇನು ದೊಡ್ಡ ನದಿಯಲ್ಲ. ಬೇಸಿಗೆಯಲ್ಲಿ ಒಂದು ದನ ಅಡ್ಡ ಮಲಗಿದರೆ ಅರ್ಧ ನೀರು ನಿಂತೀತು ಎಂದು ಊರವರೇ ಆಡಿಕೊಳ್ಳುತ್ತಿದ್ದರು. ಆದರೆ ಅಣ್ಣ ತಮ್ಮಂದಿರ ಹೊಲದ ಹತ್ತಿರ ಅದಕ್ಕೊಂದು ತಿರುವಿತ್ತು. ತಿರುವಿನ ಹೊರಮಗ್ಗುಲಲ್ಲಿ ನೀರು ಓಡುತ್ತದೆ, ಓಡುತ್ತ ದಂಡೆಯನ್ನು ಕೊರೆಯುತ್ತದೆ. ಒಳಮಗ್ಗುಲಲ್ಲಿ ದಣಿದು ನಿಧಾನವಾಗಿ, ಹೊತ್ತು ತಂದ ಮರಳನ್ನು ಕೂಲಿಯವನು ಹೊರೆ ಇಳಿಸಿದ ಹಾಗೆ ಇಳಿಸಿ ಹೋಗುತ್ತದೆ. ಅಪ್ಪ ಆಸ್ತಿ ಹಂಚುವಾಗ ಹೊರಮಗ್ಗುಲು ಅಣ್ಣನಿಗೆ ಬಂತು, ಒಳಮಗ್ಗುಲು ತಮ್ಮನಿಗೆ. ಆಗ ತಿರುವು ಅಷ್ಟೇನೂ ಬಾಗಿರಲಿಲ್ಲ, ಹಾಗಾಗಿ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮೊದಲ ಸಾಲು ಜೊಂಡನ್ನು ತಮ್ಮ ನೆಟ್ಟದ್ದು ಹೆಂಡತಿ ಚಾಪೆ ಹೆಣೆಯಲಿ ಎಂದೇ. ಅದು ಸುಳ್ಳಲ್ಲ. ಮಳೆಗಾಲ ಕಳೆದು ನೀರು ಇಳಿದಾಗ ನೋಡುತ್ತಾನೆ, ಜೊಂಡಿನ ಹಿಂದೆ ಹೊಸ ಮರಳು ತಿಟ್ಟಾಗಿ ಕೂತಿದೆ. ಮರುವರ್ಷ ಇನ್ನೊಂದು ಸಾಲನ್ನು ಮುಂದಕ್ಕೆ, ನೀರಿನೊಳಗೇ ನೆಟ್ಟ. ಅದು ಚಾಪೆಗಲ್ಲ. ಜೊಂಡು ಮುಂದೆ ಹೋದಂತೆ ಅವನ ಹೊಲ ಮುಂದೆ ಹೋಯಿತು. ನೀರು ಅತ್ತ ಸರಿದು ಅಣ್ಣನ ದಂಡೆಗೆ ಹಲ್ಲು ಹಾಕಿತು. ಈಚೆ ಜೊಂಡಿನಲ್ಲಿ ನೀರುಕೋಳಿ ಮರಿ ಮಾಡಿದರೆ ಆಚೆ ಮಿಂಚುಳ್ಳಿ ಕುಸಿದ ದಂಡೆಯ ಹೊಸ ಗೋಡೆಯಲ್ಲಿ ತೂತು ಕೊರೆಯುತ್ತಿತ್ತು.

ಒಂದು ಸಂಜೆ ಅಣ್ಣ ಆಚೆಯಿಂದ ಕೂಗಿ ಹೇಳಿದ್ದ. “ನಿನ್ನ ಜೊಂಡು ಚೆನ್ನಾಗಿ ಬಂದಿದೆ ಕಣೋ.”

“ಹಕ್ಕಿ ಕೂರ್ಲಿ ಅಂತ ನೆಟ್ಟೆ ಅಣ್ಣ.”

ಅಣ್ಣ ತನ್ನ ಕಡಿದ ದಂಡೆಯನ್ನೊಮ್ಮೆ ನೋಡಿಕೊಂಡ.

“ಕೂರ್ತವೆ, ಕೂರ್ತವೆ,” ಎಂದ. “ನನ್ನ ಮಿಂಚುಳ್ಳೀಗೂ ವರ್ಷಾ ವರ್ಷಾ ಹೊಸ ಮನೆ. ಬಾಡಿಗೆ ಮಾತ್ರ ಕೊಡಲ್ಲ ಮುಂಡೇದು.”

ನಕ್ಕು ಒಳಗೆ ಹೋದ. ತಮ್ಮ ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ. ಮುಂದಿನ ವರ್ಷ ಮತ್ತೆ ನೆಟ್ಟ.

*

ದೋಣಿ ಬಂತು. ಹೆಣವನ್ನು ಹಲಗೆಯ ಮೇಲೆ ಮಲಗಿಸಿ, ಬಿಳಿ ಬಟ್ಟೆ ಹೊದಿಸಿ, ಅಲುಗದಂತೆ ಹಗ್ಗ ಬಿಗಿದಿದ್ದರು. ಅತ್ತಿಗೆ ತಲೆಯ ಕಡೆ ಕೂತಿದ್ದಳು. ನಾಲ್ಕಾರು ಜನ ಸೇರಿ ಹಲಗೆಯನ್ನು ಮರಳಿಗೆ ಇಳಿಸಿದರು. ಮೂರನೆಯ ಗುಂಡಿಯಲ್ಲೂ ಅಷ್ಟು ಹೊತ್ತಿಗೆ ನೀರು ಬಂದಿತ್ತು. ಎಲ್ಲರೂ ಅದರ ಸುತ್ತ ನಿಂತು, ಏನು ಹೇಳಬೇಕೆಂದು ತೋಚದೆ, ಹೇಳಬಾರದ್ದನ್ನೇ ಹೇಳತೊಡಗಿದರು.

“ಈ ನದಿಗೆ ಕರುಣೆ ಇಲ್ಲ,” ಎಂದ ದೋಣಿಯವನು. “ಇದ್ದಾಗ್ಲೂ ತಿಂತು, ಸತ್ತಾಗ್ಲೂ ಜಾಗ ಕೊಡ್ತಿಲ್ಲ.”

“ನದೀನ ಯಾಕೆ ಬಯ್ತೀಯ? ಅವನೂ ಒಂದು ಗೋಡೆ ಕಟ್ಟಿದ್ರೆ ಈ ಗತಿ ಬರ್ತಿರ್ಲಿಲ್ಲ,” ಎಂದ ಗುದ್ದಲಿ ತಾತ. “ಒಳ್ಳೆಯವ್ನೇ ಪಾಪ, ಸ್ವಲ್ಪ ಮೈಗಳ್ಳ. ಗೋಡೆಗೆ ಅಂತ ಕಲ್ಲು ತಂದು, ಕಲ್ಲಿನ ಮೇಲೆ ಕೂತೇ ಮುದುಕನಾದ.”

ಒಬ್ಬಿಬ್ಬರು ತಲೆ ತಗ್ಗಿಸಿ ನಕ್ಕರು. ಊರಲ್ಲಿ ಸವೆದುಹೋದ ಹಾಸ್ಯ ಅದು. ಅದನ್ನು ಮೊದಲು ಹೇಳಿದವನು ತಮ್ಮ. ಜನ ನಕ್ಕಷ್ಟೂ ಅವನಿಗೆ ಹಗುರವಾಗುತ್ತಿತ್ತು. ಗೋಡೆ ಕಟ್ಟದವನದೇ ತಪ್ಪು ಎಂದಾದರೆ ಜೊಂಡು ನೆಟ್ಟವನನ್ನು ಯಾರು ಕೇಳುತ್ತಾರೆ?

“ಕೂರ್ಲಿಲ್ಲ ತಾತ, ಕಟ್ಟಿದ್ರು,” ಎಂದಳು ಅತ್ತಿಗೆ.

ದನಿ ಏರಿರಲಿಲ್ಲ. ಆದರೂ ನಕ್ಕವರು ತಲೆ ಎತ್ತಿದರು.

“ನೀರೊಳಗೆ ಕಟ್ಟಿದ್ದು, ನಿಮ್ಮ ಕಣ್ಣಿಗೆ ಬೀಳ್ಲಿಲ್ಲ. ಅರ್ಧ ಎದ್ದಿತ್ತು. ಆಮೇಲೆ ಒಣಹುಲ್ಲು ಹಿಡಿ ಹಿಡಿ ನೀರಿಗೆ ಬಿಟ್ಟು ನೋಡಿದ್ರು. ಗೋಡೆಗೆ ಬಡಿದ ನೀರು ತಿರುಗಿ ಹೋಗಿ ಕೆಳಗಡೆ ಈ ಮೈದುನನ ಮನೆ ಬುಡಕ್ಕೆ ಹೊಡೀತಿತ್ತು. ಹುಲ್ಲೆಲ್ಲ ಅಲ್ಲೇ ಹೋಗಿ ಮೆತ್ಕೊಂಡಿತ್ತು.” ಅವಳು ತಮ್ಮನ ಹೆಂಡತಿಯ ಕಡೆ ನೋಡಿದಳು. “ನೀನು ಆಗ ಬಾಣಂತಿ ಕಣೆ. ಮಾರನೇ ದಿನ ಒಂದೊಂದೇ ಕಲ್ಲು ಕಿತ್ತು ಮೇಲೆ ತಂದು ಹಾಕಿದ್ರು. ಕೈಯೆಲ್ಲ ಕಿತ್ತುಹೋಗಿತ್ತು. ಯಾರಿಗೂ ಹೇಳ್ಬೇಡ ಅಂದ್ರು, ಹೇಳ್ಲಿಲ್ಲ. ಮೈಗಳ್ಳ ಅಂತ ಮಣ್ಣಿಗೆ ಹೋಗೋದು ಬೇಡ ಅಂತ ಈಗ ಹೇಳ್ದೆ.”

ಗುದ್ದಲಿ ತಾತ ಗುದ್ದಲಿಯ ಕಾವನ್ನು ಒರೆಸಿದ, ಮತ್ತೆ ಒರೆಸಿದ.

ತಮ್ಮ ಗುಂಡಿಯ ಅಂಚಿನಿಂದ ಈಚೆ ಬಂದ. “ಅತ್ತಿಗೆ, ಇಲ್ಲಿ ಬೇಡ,” ಎಂದ. “ಮನೆ ಮುಂದೆ ಎತ್ತರದ ಜಾಗ ಇದೆ. ಅಪ್ಪನ ಕಾಲದ ಮಣ್ಣು, ನೀರು ಬರಲ್ಲ. ಬಾಗಿಲ ಎದುರಿಗೇ ಇಡೋಣ. ದಿನಾ ನೋಡ್ಕೋತೀನಿ.”

“ಈ ಮರಳು ಅವರದಾಗಿತ್ತು. ಅದಕ್ಕೇ ಆಗ್ಲಿ ಅಂದೆ. ನಿನ್ನ ಅಂಗಳ ನಿನ್ನದು. ದಾನದ ಜಾಗ ಅವರಿಗೆ ಬೇಡ.”

“ಜೊಂಡು ನಾನು ಹಕ್ಕಿಗೆ ನೆಟ್ಟಿದ್ದಲ್ಲ ಅತ್ತಿಗೆ.”

“ಅವರಿಗೆ ಗೊತ್ತಿತ್ತು. ನಂಗೂ ಗೊತ್ತು.” ಅವಳು ಹಲಗೆಯ ಮೇಲಿನ ಬಟ್ಟೆಯ ಅಂಚಿಗೆ ಹತ್ತಿದ ಮರಳು ಕೊಡವಿದಳು. “ಈಗ ಹೇಳೋದು ಸುಲಭ ಅಲ್ವಾ? ಕೇಳಿಸ್ಕೊಳ್ಳೋರು ಮಲಗಿದಾರೆ.”

ಮತ್ತೆ ದೋಣಿಯವನ ಕಡೆ ತಿರುಗಿ, “ವಾಪಸ್ ನಡಿಯಪ್ಪ. ನಮ್ಮ ಹಿತ್ತಿಲಲ್ಲೇ ಇಡ್ತೀನಿ,” ಎಂದಳು.

“ಅಮ್ಮಾ, ಅಲ್ಲಿ ಬರೋ ಮಳೆಗೇ...” ಎಂದ ದೋಣಿಯವನು.

“ಉಳಿದಷ್ಟು ದಿನ ಅವರ ಮಣ್ಣಲ್ಲಿ ಇರ್ತಾರೆ.”

ಹಿತ್ತಿಲ ಮಣ್ಣು ಗಟ್ಟಿಯಾಗಿತ್ತು, ಕೆಂಪಗೆ, ಒಣಗಿ. ಗುದ್ದಲಿ ತಾತನೇ ಬಂದು ತೋಡಿದ. ಹಲಗೆಯ ಕಾಲ ಕಡೆ ಹಿಡಿಯಲು ತಮ್ಮ ಬಂದಾಗ ಅತ್ತಿಗೆ ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಮಣ್ಣು ಮುಚ್ಚಿದ ಮೇಲೆ ಗುಂಡಿಯ ದಿಬ್ಬಕ್ಕೂ ದಂಡೆಯ ಅಂಚಿಗೂ ನಡುವೆ ಒಬ್ಬರು ಅಡ್ಡಡ್ಡ ಸರಿದು ನಡೆಯುವಷ್ಟೇ ಜಾಗವಿತ್ತು.

ಬಿಸಿಲು ಇಳಿಯುವ ಮೊದಲು ತಮ್ಮ ಈಚೆ ದಂಡೆಗೆ ಮರಳಿ, ಅಂಗಿ ಬಿಚ್ಚಿ, ಜೊಂಡಿನೊಳಗೆ ಇಳಿದ. ಕೊನೆಗೆ ನೆಟ್ಟ ಸಾಲು ಎದೆಮಟ್ಟ ನೀರಿನಲ್ಲಿತ್ತು. ಬೇರು ಒಂದಕ್ಕೊಂದು ಹೆಣೆದುಕೊಂಡಿತ್ತು. ಎಳೆದರೆ ಎಲೆ ಕೈಗೆ ಬರುತ್ತಿತ್ತೇ ಹೊರತು ಬುಡ ಜಗ್ಗುತ್ತಿರಲಿಲ್ಲ. ಎಲೆಯ ಅಂಚು ಅಂಗೈ ಸೀಳಿತು. ಅವನು ಮುಳುಗಿ, ಬುಡದ ಸುತ್ತ ಬೆರಳು ಹಾಕಿ ಕೆದಕಿ, ಒಂದು ಗಡ್ಡೆಯನ್ನು ಮೇಲಕ್ಕೆ ತಂದ.

ಅವನ ಹೆಂಡತಿ ದಂಡೆಯ ಮೇಲೆ ಬಂದು ನಿಂತಳು. “ಏನ್ರೀ ಇದು? ಚಾಪೆಗೆ ಬೇಡ್ವಾ?”

“ಬೇಡ.”

“ಅಷ್ಟೂ ಕೀಳ್ತೀರಾ?”

ಅವನು ಗಡ್ಡೆಯನ್ನು ದಂಡೆಗೆ ಎಸೆದ. ಅವಳು ಅದನ್ನು ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊಣಕಾಲುಮಟ್ಟದ ನೀರಿನಲ್ಲಿದ್ದ ಹಳೆಯ ಸಾಲಿಗೆ ಕೈ ಹಾಕಿದಳು.

ಕಿತ್ತ ಜಾಗದಲ್ಲಿ ನೀರು ಒಂದು ಗಳಿಗೆ ಕದಡಿ ನಿಂತಿತು. ಮತ್ತೆ ಸಂದು ಸಿಕ್ಕಿದ್ದು ತಿಳಿಯಿತೇನೋ, ಮೆಲ್ಲಗೆ ಒಳಗೆ ಸುಳಿಯಿತು. ಅವನ ಕಾಲ ಕೆಳಗಿನ ಮರಳು ಹರಿಯತೊಡಗಿತು. ಹಿಂದೆ, ಅವನ ಹೊಲದ ಅಂಚಿನಿಂದ, ಒಂದು ಹೆಂಟೆ ಮಣ್ಣು ಬುಳಕ್ಕೆಂದು ನೀರಿಗೆ ಬಿತ್ತು.

ಹೆಂಡತಿ ತಿರುಗಿ ನೋಡಿದಳು. ಅವನು ಉಸಿರು ಎಳೆದುಕೊಂಡು ಮತ್ತೆ ಮುಳುಗಿದ.