ಬೆಳ್ತಿಗೆ ಚೀಲ

ಫೈಝಲ್ ಹೆಗಲು ಕೊಡಲು ನುಗ್ಗುವಷ್ಟರಲ್ಲಿ ಬೇರೆ ಯಾರದೋ ಹೆಗಲು ಅಲ್ಲಿಗೆ ಬಂದಾಗಿತ್ತು. ಅಣ್ಣ ನಿಝಾಮುದ್ದೀನನ ಶವ ಮಲಗಿಸಿದ್ದ ಮಯ್ಯತ್ ಮಂಚ ಕಕ್ಕಿಂಜೆ ಪೇಟೆಯಲ್ಲಿ ಹೆಗಲಿನಿಂದ ಹೆಗಲಿಗೆ ದಾಟುತ್ತಾ ಮಸೀದಿಯ ಕಡೆಗೆ ಹೋಗುತ್ತಿತ್ತು. ಒಡಹುಟ್ಟಿದವನಿಗೇ ಸರದಿ ಸಿಕ್ಕಿರಲಿಲ್ಲ.

"ಸ್ವಲ್ಪ ಬಿಡಿ ಮಾರಾಯ್ರೆ, ನಾನು ತಮ್ಮ."

"ತಮ್ಮ ಹೌದು ಸಾಹುಕಾರ್ರೇ. ನಮಗೂ ಸ್ವಲ್ಪ ಹಕ್ಕು ಉಂಟಲ್ಲ," ಎಂದ ಸುಬ್ಬಯ್ಯ, ಹೊತ್ತ ಹೆಗಲು ತಪ್ಪಿಸದೆ. ನೆರೆಯಲ್ಲಿ ಮನೆ ಕಳೆದುಕೊಂಡವನು. ಅವನ ಕೆನ್ನೆ ಒದ್ದೆಯಾಗಿತ್ತು.

ಆ ಒದ್ದೆ ಕೆನ್ನೆಯ ಮೇಲೆಯೇ ಫೈಝಲನಿಗೆ ಹೊಟ್ಟೆಕಿಚ್ಚು. ಅಣ್ಣ ಇವನಿಗೆ ಯಾವತ್ತು ಏನು ಧರ್ಮಕ್ಕೆ ಕೊಟ್ಟಿದ್ದ? ಕೊಟ್ಟದ್ದು ತಾನು.

*

ನೆರೆಯ ವರ್ಷ ಫೈಝಲ್ ದುಬೈಯಿಂದ ಬಂದು, ಲಾರಿಯಲ್ಲಿ ಬಿಳಿಯ ಬೆಳ್ತಿಗೆ ಅಕ್ಕಿ ತರಿಸಿ, ಶಾಲೆಯ ಕ್ಯಾಂಪಿನಲ್ಲಿ ಹಂಚಿದ್ದ. ಪ್ರತಿ ಚೀಲದ ಮೇಲೂ ಅಚ್ಚು ಹಾಕಿಸಿದ ಅವನ ನಗುಮುಖ. ಜನ ಸಾಲಿನಲ್ಲಿ ನಿಂತು, ಫೋಟೋಕ್ಕೆ ಮುಖ ಕೊಟ್ಟು, ತೆಗೆದುಕೊಂಡರು. ಸಂಜೆಗೆ ಅದೇ ಚೀಲಗಳು ಅಣ್ಣನ ಅಂಗಡಿಯೆದುರು ಬಂದು ನಿಂತಿದ್ದವು. ಹೊತ್ತು ತಂದವರಿಂದ ನಿಝಾಮುದ್ದೀನ್ ಅವನ್ನು ತೆಗೆದುಕೊಂಡು, ಊರವರು ಉಣ್ಣುವ ಕುಚ್ಚಲಕ್ಕಿಯನ್ನು ಅಷ್ಟೇ ತೂಕಕ್ಕೆ ಅಳೆದು ಕೊಡುತ್ತಿದ್ದ.

"ನನ್ನ ದಾನದಲ್ಲಿ ನಿನಗೆ ವ್ಯಾಪಾರವಾ ಕಾಕ?" ಎಂದು ಫೈಝಲ್ ಅಣ್ಣನನ್ನು ಕೇಳಿದ್ದ.

"ವ್ಯಾಪಾರವೇ. ಉಜಿರೆಯ ಹೋಟೆಲಿನವರಿಗೆ ದೋಸೆಗೆ ಬೆಳ್ತಿಗೆ ಬೇಕು, ಇವರಿಗೆ ಗಂಜಿಗೆ ಕುಚ್ಚಲು ಬೇಕು. ನನಗೂ ಏನಾದ್ರೂ ಉಳೀತದೆ."

"ಕುಚ್ಚಲನ್ನು ಧರ್ಮಕ್ಕೇ ಕೊಡಬಹುದಿತ್ತಲ್ಲ?"

ಬೆಂಚಿನಲ್ಲಿದ್ದ ಮುದುಕಿ ಖತೀಜಮ್ಮ ನಕ್ಕರು. "ಬೇಡ ಮೋನೆ, ಬೇಡ ಮಗಾ. ಧರ್ಮದ ಅಕ್ಕಿಯಲ್ಲಿ ಕಲ್ಲಿದ್ರೂ ಬಾಯಿ ಮುಚ್ಚಿ ತಿನ್ಬೇಕು. ಇಲ್ಲಿಯಾದ್ರೆ ಬೈದು ತಕೊಂಡು ಹೋಗ್ಬಹುದು. ಏ ನಿಝಾಮೂ, ತಕ್ಕಡಿ ಸರಿ ಹಿಡಿ!"

ಅಣ್ಣ ಹೆದರಿದವನಂತೆ ಇನ್ನೊಂದು ಹಿಡಿ ಹಾಕಿದ. ಅಂಗಡಿ ತುಂಬ ನಗು. ಕ್ಯಾಂಪಿನಲ್ಲಿ ಫೈಝಲನಿಗೆ ಎಲ್ಲರೂ ಕೈಮುಗಿದಿದ್ದರು. ಒಬ್ಬರೂ ಬೈದಿರಲಿಲ್ಲ.

*

ಮಸೀದಿಯ ಗೇಟಿನವರೆಗೂ ಮಂಚ ಅವನ ಹೆಗಲಿಗೆ ಬರಲಿಲ್ಲ. ನಮಾಝ್ ಮುಗಿದು, ಅಣ್ಣನನ್ನು ಕಬರಿಗಿಳಿಸಿ, ಹಲಗೆ ಮುಚ್ಚಿದ ಮೇಲೆ ಹಿರಿಯರೊಬ್ಬರು ಹೇಳಿದರು: "ಮಣ್ಣು ಮೊದಲು ತಮ್ಮ ಹಾಕಲಿ."

ಇದಾದರೂ ತನ್ನದು. ಫೈಝಲ್ ಬೇಗ ಬಗ್ಗಿದ. ತೋಡಿ ಹಾಕಿದ್ದ ಮಣ್ಣು ಮಳೆಗೆ ಕೆಸರಾಗಿತ್ತು.

"ಅದು ಬೇಡ ಫೈಝಲಾಕ," ಕಬರು ತೋಡಿದ ಸಾಬಿತ್ ತಡೆದ. "ಒಣ ಮಣ್ಣು ಬೇಸಗೆಯಲ್ಲೇ ತುಂಬಿಸಿ ಇಟ್ಟದ್ದುಂಟು. ಚೀಲ ನಿಝಾಮಾಕನೇ ಕೊಟ್ಟದ್ದು. ಒಳ್ಳೆ ಗಟ್ಟಿ ಚೀಲ."

ಎಳೆದು ತಂದು ಬಾಯಿ ಬಿಚ್ಚಿದ. ಚೀಲದ ಮೇಲೆ ಫೈಝಲ್ ನಗುತ್ತಿದ್ದ.

ಅವನು ಕೈಯನ್ನು ಒಳಗೆ ತುರುಕಿ ಹಿಡಿ ಮಣ್ಣು ತೆಗೆದು ಹಾಕಿದ. ಇನ್ನೊಂದು, ಮತ್ತೊಂದು. ಹಿಂದೆ ಸುಬ್ಬಯ್ಯ ಕಾಯುತ್ತಿದ್ದ. ಅವನ ಹಿಂದೆ ಸಾಲು ಗೇಟು ದಾಟಿತ್ತು.

"ಸ್ವಲ್ಪ ಹಿಡ್ಕೊಳ್ಳಿ, ಬೀಳ್ತದೆ," ಎಂದ ಸಾಬಿತ್.

ಫೈಝಲ್ ಚೀಲದ ಬಾಯಿ ಹಿಡಿದು ನಿಂತ. ಒಬ್ಬೊಬ್ಬರೇ ಬಂದು ಹಿಡಿ ತುಂಬಿಕೊಂಡು ಹೋದರು. ಯಾರೂ ಅವನ ಮುಖ ನೋಡಲಿಲ್ಲ. ಮಣ್ಣು ತಗ್ಗಿದಂತೆ ಚೀಲದ ಮೇಲಿನ ನಗು ಮಡಚಿಕೊಳ್ಳುತ್ತಾ, ಮಡಚಿಕೊಳ್ಳುತ್ತಾ ಕೆಳಗೆ ಕುಸಿಯಿತು.