ಮುಯ್ಯಾಳಿನ ದಾರಿ

ಗದಿಗೆಪ್ಪನ ಬಲಗಾಲಿನಲ್ಲಿ ಬಲವಿರಲಿಲ್ಲ. ಚಿಕ್ಕಂದಿನ ಜ್ವರದಲ್ಲಿ ಸೊರಗಿದ ಕಾಲು ಮತ್ತೆ ತುಂಬಿಕೊಳ್ಳಲೇ ಇಲ್ಲ. ಕೈ ಮಾತ್ರ ಗಟ್ಟಿ. ಆ ಕೈ ನೋಡಿಯೇ ಮುಂಬಯಿಯ ಪವಾಯಿ ಕೆರೆಯ ಬಳಿ ಹೊಸದಾಗಿ ಏಳುತ್ತಿದ್ದ ಎಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಿನಲ್ಲಿ ಅವನಿಗೆ ಫಿಟ್ಟರ್ ಕೆಲಸ ಕೊಟ್ಟಿದ್ದರು. ಕೆಲಸ ಹಂಗಾಮಿ. ದೀಪಾವಳಿವರೆಗೆ ಹಾಜರಿ ನೆಟ್ಟಗಿದ್ದರೆ ಕಾಯಂ, ಇಲ್ಲದಿದ್ದರೆ ಮರಳಿ ಊರಿಗೆ, ವಿಜಾಪುರದ ರೈಲು.

ಅದು ೧೯೬೧ರ ಬೇಸಿಗೆ. ಸಂಕ್ರಾಂತಿಯ ಹೊತ್ತಿಗೆ ಕಟ್ಟಡದ ಕೆಲಸಕ್ಕೆಂದು ಬಂದ ವಿಜಾಪುರದ ಕಡೆಯವರೆಲ್ಲ ಭಾಂಡುಪಿನ ಒಂದೇ ಚಾಳಿನಲ್ಲಿದ್ದರು. ಅಲ್ಲಿಂದ ಕಾಲೇಜಿಗೆ ಮೋಟಾರು ರಸ್ತೆ ಗುಡ್ಡ ಸುತ್ತಿ ಹೋಗುತ್ತಿತ್ತು. ಕಲ್ಲಿನ ಲಾರಿಗಳಿಗೆ ಸೈಕಲ್ಲಿನವರು ಕಣ್ಣಿಗೇ ಬೀಳುತ್ತಿರಲಿಲ್ಲ. ಗದಿಗೆಪ್ಪ ಬಲಗಾಲನ್ನು ಬಟ್ಟೆಯಿಂದ ಪೆಡಲಿಗೆ ಕಟ್ಟಿಕೊಂಡು ಎಡಗಾಲಿನಿಂದ ತುಳಿಯುತ್ತಿದ್ದ. ಎರಡು ಸಲ ಲಾರಿಗೆ ಹೆದರಿ ಚರಂಡಿಗೆ ಬಿದ್ದು ತಡವಾಗಿ ಹೋದ. ಇನ್ನೊಮ್ಮೆ ತಡವಾದರೆ ಸಹಿಸುವುದಿಲ್ಲ ಎಂದ ಮೇಸ್ತ್ರಿ.

ಅವನ ಹೆಂಡತಿ ದಾನವ್ವ ಅಂದೇ ಚಾಳಿನ ಬಾಗಿಲು ಬಾಗಿಲಿಗೆ ಹೋದಳು.

"ಮಲ್ಲವ್ವಾ, ನಿನ್ನ ಬಾಣಂತನಕ್ಕ ಯಾರು ಬಂದಿದ್ರು?"

"ನೀನ ಬಂದಿದ್ದಿ ಯಕ್ಕಾ. ಈಗ್ಯಾಕ?"

"ರವಿವಾರ ಗಂಡನ್ನ ಕರಕೊಂಡು ಗುದ್ದಲಿ ಹಿಡದು ಬಾ."

ಊರಲ್ಲಿ ಹೊಲಕ್ಕೆ ನಡೆಯುತ್ತಿದ್ದ ಮುಯ್ಯಾಳು ಪದ್ಧತಿ ಇದು: ಇಂದು ನಿನ್ನ ಕೆಲಸಕ್ಕೆ ನಾನು, ನಾಳೆ ನನ್ನದಕ್ಕೆ ನೀನು. ಯಾರದೋ ಮದುವೆಗೆ ರೊಟ್ಟಿ ಬಡಿದದ್ದು, ಯಾರದೋ ಜ್ವರಕ್ಕೆ ಕೂತದ್ದು, ಎಲ್ಲವನ್ನೂ ಅವಳು ವಸೂಲು ಮಾಡಿದಳು.

ಲಾರಿಗಳನ್ನು ತಪ್ಪಿಸಿ ಕಾಲೇಜಿಗೆ ಸೈಕಲ್ಲಿನ ಒಳದಾರಿ ಎಲ್ಲಿ ಹಾಕಬೇಕೆಂದು ಕಲ್ಲು ಕಟ್ಟುವ ಗೌಂಡಿ ಶೆಟ್ಟೆಪ್ಪ ಹೇಳಿದ. ನೆಟ್ಟಗೆ ಹೋದರೆ ಕವಳಿ ಮುಳ್ಳಿನ ಪೊದೆ, ಅದರ ಪಕ್ಕಕ್ಕೆ ಒಣಗಿದ ಹಳ್ಳ. "ನಮ್ಮೂರಾಗ ಬಂಡಿ ಹೋಗೂದು ಹಳ್ಳದಾಗನ. ಗಟ್ಟಿ ನೆಲ, ಸಪಾಟ. ಇಲ್ಲೇ ಕಲ್ಲ ಹಾಸ್ರಿ."

ಹತ್ತು ವರ್ಷದಿಂದ ಮುಂಬಯಿಯಲ್ಲಿದ್ದ ರೈಲ್ವೆಯ ಪರಪ್ಪ ದಂಡೆಯ ಮೇಲೆ ನಿಂತು ಬೀಡಿ ಸೇದುತ್ತ ನಕ್ಕ. "ಏನೋ ಶೆಟ್ಟೆಪ್ಪಾ, ಲೋಕಲ್ ರೈಲು ಬಿಡ್ತೀಯೇನು ಇದರ ಮ್ಯಾಲ? ಇಲ್ಲೀ ಬಾರಿಶ್ ನೋಡೀಯೇನು?"

"ಮಳೀಗೆ ಹೆದರಾಕ ನಾವೇನ ಉಪ್ಪಿನ ಗೊಂಬೀ ಏನು?"

ಪರಪ್ಪ ಎಲ್ಲದಕ್ಕೂ ಹಂಗಿಸುವವನು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೂರು ರವಿವಾರದಲ್ಲಿ ದಾರಿ ಮುಗಿಯಿತು. ಚಂದದ ದಾರಿ. ಗದಿಗೆಪ್ಪ ಗಂಟೆ ಹೊಡೆಯುವ ಮೊದಲೇ ವರ್ಕ್‌ಶಾಪಿನಲ್ಲಿರುತ್ತಿದ್ದ. ಸ್ಟೇಶನ್ನಿನಿಂದ ಕಾಲೇಜಿನ ಹುಡುಗರೂ ಪುಸ್ತಕ ಹಿಡಿದು ಅದರಲ್ಲೇ ನಡೆದರು.

ಜೂನಿನಲ್ಲಿ ಒಂದು ಬೆಳಿಗ್ಗೆ ಮಳೆ ಬಂತು. ಗದಿಗೆಪ್ಪ ಹಳ್ಳದ ನಡುವೆ ಇದ್ದಾಗ ಗುಡ್ಡದ ಕೆಂಪು ನೀರು ತಿರುವಿನಲ್ಲಿ ಕಾಣಿಸಿತು. ಸೈಕಲ್ ಅಡ್ಡ ಬಿತ್ತು. ಪೆಡಲಿಗೆ ಕಟ್ಟಿದ ಬಟ್ಟೆಯ ನೆನೆದ ಗಂಟು ಬಿಚ್ಚಿಕೊಳ್ಳಲಿಲ್ಲ. ಚಪ್ಪಲಿಯನ್ನು ಪೆಡಲಿಗೇ ಬಿಟ್ಟು ಪಾದ ಎಳೆದುಕೊಂಡ. ಕವಳಿ ಬೇರು ಕೈಗೆ ಸಿಕ್ಕಿತು. ಆ ಗಟ್ಟಿ ಕೈ ಬಿಡಲಿಲ್ಲ. ಸೈಕಲ್ಲೂ ಹಾಸಿದ ಕಲ್ಲೂ ಕೊಚ್ಚಿಹೋದವು.

ಸಂಜೆ ಶೆಟ್ಟೆಪ್ಪ ಗದಿಗೆಪ್ಪನ ಹೊಸ್ತಿಲಿನಲ್ಲಿ ತಲೆ ಬಗ್ಗಿಸಿ ಕೂತಿದ್ದ. ದಾನವ್ವ ಗಂಡನ ಅಂಗೈಯ ಮುಳ್ಳು ತೆಗೆಯುತ್ತಿದ್ದಳು.

"ಈ ಸಲ ದಂಡೀ ಮ್ಯಾಲ ಹಾಕೂಣು," ಎಂದಳು.

"ಯಾರು ಬರ್ತಾರ ತಂಗಿ? ನಿನ್ನ ಮುಯ್ಯಿ ಎಲ್ಲಾ ತೀರೇತಿ."

"ತೀರ್ಲಿ. ಇನ್ನ ಮುಯ್ಯಿ ನಾ ಹೊರ್ತೀನಿ. ಯಾರ ಮನ್ಯಾಗ ಏನ ಕೆಲಸಿದ್ರೂ ನನ್ನ ಕರೀರಿ."

ಇಡೀ ಚಾಳಿಗೆ ಕೇಳುವಂತೆ ಹೇಳಿದಳು. ಬೇಡುವಾಗಲೂ ದನಿ ತಗ್ಗಿಸದವರನ್ನು ಗದಿಗೆಪ್ಪ ಅದಕ್ಕೆ ಮೊದಲು ಕಂಡಿರಲಿಲ್ಲ.

ನಾಲ್ಕು ದಿನ ಗದಿಗೆಪ್ಪನಿಗೆ ಕೆಲಸಕ್ಕೆ ಹೋಗಲಾಗಲಿಲ್ಲ. ಐದನೆಯ ಬೆಳಿಗ್ಗೆ ಶೆಟ್ಟೆಪ್ಪ ತನ್ನ ಸೈಕಲ್ ತಂದು ನಿಲ್ಲಿಸಿದ. "ತಪ್ಪು ನಂದು. ಹಿಂದ ಕೂಡು." ಹೊಸ ದಾರಿ ಆಗುವವರೆಗೂ ಲಾರಿಗಳ ನಡುವೆ, ಆದಮೇಲೆ ಅದರ ಮೇಲೆಯೇ ಅವನನ್ನು ಒಯ್ದ. ರವಿವಾರ ಜನ ಮಳೆಯಲ್ಲೇ ಬಂದರು. ಪೊದೆ ಕಡಿದರು, ದಂಡೆಯ ಮೇಲೆ ಕಲ್ಲು ಹೊತ್ತರು. ಪರಪ್ಪನೂ ಬಂದ, ಛತ್ರಿ ಹಿಡಿದು.

"ನೀ ಯಾಕ ಬಂದಿ ಮಾವಾ?" ದಾನವ್ವ ಕೇಳಿದಳು.

"ನನ್ನ ಮಗಳ ಮದುವಿ ಐತಿ ಮಾಘದಾಗ. ರೊಟ್ಟಿ ಯಾರು ಬಡೀತಾರ?" ಎಂದು ಛತ್ರಿ ಮಡಚಿಟ್ಟು ಬುಟ್ಟಿ ಎತ್ತಿದ.

ಎರಡನೆಯ ದಾರಿ ಮಳೆಗಾಲವಿಡೀ ಕೊಚ್ಚಿಹೋಗದೆ ಉಳಿಯಿತು. ಆಮೇಲೆ ಒಂದು ದಿನವೂ ಹಾಜರಿ ತಪ್ಪದ್ದರಿಂದ ದೀಪಾವಳಿಗೆ ಗದಿಗೆಪ್ಪ ಕಾಯಂ ಆದ. ಹೋದದ್ದು ಇಷ್ಟು: ಒಂದು ಸೈಕಲ್, ಒಂದು ಚಪ್ಪಲಿ, ಮೂರು ರವಿವಾರದ ಕಲ್ಲು, ನಾಲ್ಕು ದಿನದ ಹಾಜರಿ, ಮುಯ್ಯಿ ತೀರಿಸಲು ದಾನವ್ವನ ಹನ್ನೊಂದು ರವಿವಾರ.